ಹಳೆಯ ಕಸೂತಿಗೆ ಕೌದಿಯ ಆಶ್ರಯ

ಸೀರೆಯು ಜೀರ್ಣವಾದರೂ ಅದರ ಮೇಲಣ ಕಸೂತಿಯು ಕೆಡದೆ ಉಳಿಯುವುದುಂಟು. ಅದನ್ನು ಏನು ಮಾಡತಕ್ಕದ್ದೆಂಬ ಪ್ರಶ್ನೆಯು ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿಯೇ ಉದ್ಭವಿಸಿತು. ನಮ್ಮ ಮಾತೃಶ್ರೀಯವರು ಸ್ವಹಸ್ತದಿಂದ ಕಸೂತಿ ಹಾಕಿದ ಚಂದ್ರಕಾಳಿ ಸೀರೆಯನ್ನು ಸೊಸೆಯು ಪೆಟ್ಟಿಗೆಯಿಂದ ತೆಗೆದು ಬಿಡಿಸಲು, ಮಡಿಕೆಯ ಗೆರೆಗಳಲ್ಲೆಲ್ಲ ಬಟ್ಟೆಯು ತಾನಾಗಿಯೇ ಬಿರಿಯಿತು. ಸೆರಗಿನ ಗೋಪುರ, ತುಳಸಿಕಟ್ಟೆ, ಆನೆಗಳು ಮಾತ್ರ ಮುಕ್ಕಾಗದೆ ಇದ್ದವು. ಅವನ್ನು ಕತ್ತರಿಸಿ ಕೌದಿಯಲ್ಲಿ ಸೇರಿಸುವೆನೆಂದು ಆಕೆ ಹೇಳಿದಾಗ, ತಾಯಿಯ ಸೀರೆಗೆ ಕತ್ತರಿಯೇ ಎಂದು ನಾವು ನಿಷೇಧಿಸಿದೆವು.

"ಮಾವನವರೇ, ಪೆಟ್ಟಿಗೆಯಲ್ಲಿಯೇ ಪುಡಿಯಾಗಲು ಬಿಡುವುದು ಗೌರವವೇ?" ಎಂದಳು. ನಾವು ನಿರುತ್ತರರಾದೆವು. ಚಿಂದಿಗಳನ್ನು ಕೂಡಿಸಿದ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂದು ಹೆಸರು. ಅದನ್ನು ಧರಿಸಿದವರು ಸಂನ್ಯಾಸಿಗಳು. ಹರಿದುದನ್ನು ಹೊಲಿಯುವುದು ಹೀನವೆಂದು ನಮ್ಮ ಹಿರಿಯರಾರೂ ಎಣಿಸಲಿಲ್ಲ.

ಆದರೆ ಕತ್ತರಿಸುವ ಮೊದಲು ಕಸೂತಿಯ ಕ್ರಮವನ್ನು ಅರಿಯಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ 4 ಬಗೆಯ ಹೊಲಿಗೆಗಳನ್ನು ಬಟ್ಟೆಯ ಎಳೆಗಳನ್ನೆಣಿಸಿಯೇ ಹಾಕುವರು. ಗವಂತಿಯಲ್ಲಿ ಸೂಜಿಯು ಹೋಗುವಾಗ ಬಿಟ್ಟ ತೆರಪನ್ನು ಬರುವಾಗ ತುಂಬುವುದು. ಆದುದರಿಂದ ಎರಡು ಮೈಯೂ ಒಂದೇ ತೆರನಾಗಿ ತೋರುವುದು. ದಾರಕ್ಕೆ ಗಂಟು ಹಾಕುವ ಪದ್ಧತಿಯಿಲ್ಲ. ಗಂಟಿಲ್ಲದ ಮೇಲೆ, ಚಿತ್ರದ ಅಂಚಿಗೇ ಕತ್ತರಿಸಿದರೆ ಎಳೆಗಳು ಬಿಚ್ಚಿಹೋಗುವುವು. ಆದಕಾರಣ ಮೊದಲು ಗಟ್ಟಿಯಾದ ಹಳೆಯ ಹತ್ತಿಯ ಬಟ್ಟೆಯನ್ನು ಕೆಳಗಿಟ್ಟು, ಚಿತ್ರದ ಸುತ್ತಲೂ 2 ಅಂಗುಲ ಬಿಟ್ಟು, ಸಡಿಲವಾಗಿ ಹೊಲಿದು, ಆಮೇಲೆ ಕತ್ತರಿಯನ್ನು ಹಿಡಿಯತಕ್ಕದ್ದು. ಒದ್ದೆಯಾದ ಬಿಳಿಯ ಬಟ್ಟೆಯನ್ನು ಒತ್ತಿ, ದಾರದ ಬಣ್ಣವು ಬಿಡುವುದೋ ಎಂದು ಪರೀಕ್ಷಿಸದೆ ನೀರಿಗೆ ಹಾಕಕೂಡದು.

ಮುಂದಿನ ಕೆಲಸಕ್ಕೆ ಸೊಸೆಯು ಸಿದ್ದಿ ಸ್ತ್ರೀಯರ ಕ್ರಮವನ್ನು ಅನುಸರಿಸಿದಳು. ಆಫ್ರಿಕಾ ಖಂಡದಿಂದ ಬಂದವರ ಸಂತತಿಯಾದ ಇವರು ಉತ್ತರಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆ ನೆಲೆಸಿರುವರು. ಇವರು ಹಳೆಯ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತ, ಅಂಚಿನಿಂದ ಆರಂಭಿಸಿ ಸುತ್ತಿ ಸುತ್ತಿ ನಡುವಿನವರೆಗೆ ಸಣ್ಣ ಓಟದ ಹೊಲಿಗೆಯನ್ನು ಹಾಕುವರು. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳನ್ನಿಡುವರು; ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಬರಿದು. ನಮ್ಮ ಮನೆಯಲ್ಲಿಯೂ ಹೊಲಿಗೆಯು ಹೀಗೆಯೇ ಸುತ್ತಿಬಂದು, ಕಟ್ಟಕಡೆಗೆ ನಡುವಿನ ಆನೆಗಳನ್ನು ಮುಟ್ಟಿತು. ಮನೆಗೆಲಸದ ಬಿಡುವಿನಲ್ಲಿ ಹೊಲಿದು ಮುಗಿಸಲು 3 ತಿಂಗಳು ಹಿಡಿಯಿತು.

ಈಗ ಅದರ ಮೇಲೆ ನಮ್ಮ ಮೊಮ್ಮಗನು ಮಲಗುವನು. ನಿದ್ರೆ ಬರುವವರೆಗೂ ಅವನ ಬೆರಳು ಆನೆಯ ಸೊಂಡಿಲಿನ ಮೇಲೆಯೇ ಆಡುತ್ತಿರುವುದು. ಈ ಮರಿಮಗನನ್ನು ನಮ್ಮ ಮಾತೃಶ್ರೀಯವರು ಕಾಣಲಿಲ್ಲ. ಆದರೂ ಅವರ ಕೈಯ ಹೊಲಿಗೆಯನ್ನು ಅವನು ಬಲ್ಲನು. ಗವಂತಿಯಲ್ಲಿ ಬಿಟ್ಟ ತೆರಪು ಹೀಗೆಯೇ ತುಂಬುವುದಷ್ಟೆ! ವಾಚಕರು ತಮ್ಮ ಪೆಟ್ಟಿಗೆಗಳನ್ನೂ ಒಮ್ಮೆ ತೆರೆದು ನೋಡುವರೆಂದು ನಂಬಿರುವೆವು.