ನೋವರಿಯದ ಕೈ

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ, ಅಮರಜಾ ನದಿಗಳ ಸಂಗಮವಿದೆ. ಕುಷ್ಠದಿಂದ ಬಳಲಿದ ಭಕ್ತನೊಬ್ಬನು ಗುರುವಿನ ಅಪ್ಪಣೆಯಂತೆ ಅಲ್ಲಿ ಒಣಗಿದ ಅತ್ತಿಯ ಕೊರಡಿಗೆ ನೀರೆರೆಯುತ್ತ ಬಂದನೆಂದೂ, ಕೊರಡು ಚಿಗುರಿ ಅವನ ರೋಗ ನೀಗಿತೆಂದೂ ‘ಗುರುಚರಿತ್ರೆ’ ಹೇಳುತ್ತದೆ. ಜನರ ನಗೆಗೆ ಅಂಜದೆ ನೀರೆರೆದ ಆ ತಾಳ್ಮೆ ಇಂದಿನ ರೋಗಿಗೂ ಬೇಕು. ನೀರಿನ ಸ್ಥಾನದಲ್ಲಿ ಈಗ ಗುಳಿಗೆಗಳಿವೆ.

ಕುಷ್ಠವೆಂದರೆ ಸ್ಪರ್ಶಜ್ಞಾನವಿಲ್ಲದ ಮಚ್ಚೆಯೆಂದು ಎಲ್ಲರೂ ಬಲ್ಲರು. ಆದರೆ ಒಂದೂ ಮಚ್ಚೆಯಿಲ್ಲದೆ ಕೇವಲ ನರಗಳಲ್ಲಿ ಈ ರೋಗ ಅಡಗಿರುವುದುಂಟು. ಆಳಂದದ ಗೃಹಿಣಿಗೆ ರೊಟ್ಟಿಯ ಹಂಚು ಕೈ ಸುಟ್ಟರೂ ಅರಿವಾಗದಿರಬಹುದು. ಜೇವರ್ಗಿಯ ತೊಗರಿಯ ಹೊಲದಲ್ಲಿ ದುಡಿಯುವವನ ಕಿರುಬೆರಳು ಮಡಿಚಿಕೊಂಡೇ ಉಳಿಯಬಹುದು. ಮೊಣಕೈಯ ಹಿಂದಿನ ನರ ದಪ್ಪಗಾಗಿರುವುದನ್ನು ವೈದ್ಯರು ಮುಟ್ಟಿ ನೋಡಿದಾಗ ಮೂಲ ಹೊಳೆಯುತ್ತದೆ.

ಇನ್ನೊಂದು ತೊಡಕು ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಅದು ಮುಗಿದ ಮೇಲೂ ಬರುತ್ತದೆ. ಜ್ವರ, ನೋಯುವ ಕೆಂಪು ಗಂಟುಗಳು, ಕೀಲುಗಳ ಬಾವು, ಕಣ್ಣಿನ ಕೆಂಪು ಕಾಣಿಸಿಕೊಳ್ಳುತ್ತವೆ. ನೋಡಿದವರು ಸಂಧಿವಾತವೆನ್ನುತ್ತಾರೆ, ರೋಗಿಯು ಗುಳಿಗೆ ಮೈಗೆ ಹೊಂದಲಿಲ್ಲವೆಂದು ಬಿಟ್ಟುಬಿಡುತ್ತಾನೆ. ವಾಸ್ತವವಾಗಿ ಇದು ದೇಹದ ರಕ್ಷಣಾಶಕ್ತಿಯ ಕೆರಳಿಕೆ. ಸತ್ತ ರೋಗಾಣುಗಳ ಅವಶೇಷಗಳ ಮೇಲೂ ಅದು ಎರಗಿ, ಕಳ್ಳನನ್ನು ಹೊಡೆಯಹೋಗಿ ಮನೆಯ ಗೋಡೆಯನ್ನೇ ಕೆಡವಿದಂತೆ, ನರಗಳನ್ನು ಘಾಸಿಗೊಳಿಸುತ್ತದೆ.

ಈ ಕೆರಳಿಕೆಗೆ ಒಂದು ಮದ್ದು ಅನಿರೀಕ್ಷಿತವಾಗಿ ದೊರೆಯಿತು. ಗರ್ಭಸ್ಥ ಶಿಶುಗಳ ಅಂಗಗಳನ್ನು ವಿಕಲಗೊಳಿಸಿ 1961ರಲ್ಲಿ ಬಹಿಷ್ಕೃತವಾದ ಥಾಲಿಡೋಮೈಡನ್ನು 1964ರಲ್ಲಿ ಜೆರೂಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ನಿದ್ರೆಗೆಂದು ಕುಷ್ಠರೋಗಿಯೊಬ್ಬನಿಗೆ ಕೊಟ್ಟರು, ಗಂಟುಗಳೂ ಇಳಿದವು! ಆದರೆ ಗರ್ಭಿಣಿಯರಿಗೆ ಅದು ಇಂದಿಗೂ ವರ್ಜ್ಯ. ನರಗಳ ರಕ್ಷಣೆಗೆ ಸಾಮಾನ್ಯವಾಗಿ ಬಳಸುವುದು ಸ್ಟೀರಾಯ್ಡ್. ಜೋಮು ಕಂಡ 6 ತಿಂಗಳೊಳಗೆ ಅದನ್ನು ಆರಂಭಿಸಿದರೆ ಕೈಯ ಶಕ್ತಿ ಮರಳುವ ಆಸೆಯುಂಟು.

2005ರ ಡಿಸೆಂಬರಿನಲ್ಲಿ ಭಾರತದ ಕುಷ್ಠರೋಗಿಗಳ ಪ್ರಮಾಣ 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ರೋಗ ವಿರಳವಾದಷ್ಟೂ ಅದನ್ನು ಗುರುತಿಸುವ ಕಣ್ಣು ಮಂಕಾಗುತ್ತದೆ. ಈ ಮೂರು ತಾಲ್ಲೂಕುಗಳಿಂದ ಮುಂಬಯಿ, ಪುಣೆಗಳಿಗೆ ದುಡಿಯಹೋದವರಲ್ಲಿ ಚಿಕಿತ್ಸೆಯ ಎಳೆ ಕಡಿದುಹೋಗುವುದೂ ಸುಲಭ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಕೈಯಲ್ಲಿ ನೋವಿಲ್ಲದ ಸುಟ್ಟಗಾಯ ಕಂಡರೆ ಅವಳನ್ನು ಬಿಡಿಸಬೇಡಿ. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಗುಳಿಗೆಗಳು ಉಚಿತ, ಅವಧಿ 6 ಇಲ್ಲವೆ 12 ತಿಂಗಳು. ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗ ಹರಡುವ ಶಕ್ತಿ ಬಹುಮಟ್ಟಿಗೆ ಅಡಗುತ್ತದೆ. ತಡವಾದರೆ ಮಾತ್ರ, ರೋಗ ಹೋದರೂ ಮಡಿಚಿದ ಬೆರಳು ಹಾಗೆಯೇ ಉಳಿದೀತು.