ಉಪವಾಸದಲ್ಲಿ ತಿನ್ನುವ ಆಸೆ: ತಪ್ಪು ನಿಮ್ಮದೋ, ಜೀನ್‌ನದೋ?

"16:8 ಉಪವಾಸ ಮಾಡುವಾಗ ಸಿಹಿ ತಿನ್ನಬೇಕು ಅನಿಸಿದರೆ ಈ ಉಪವಾಸ ನಿಮ್ಮ ಜೀನ್‌ಗೆ ಆಗಿಬರುವುದಿಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. "ಮನಸ್ಸು ಗಟ್ಟಿ ಇದ್ದರೆ ಹಸಿವೇ ಆಗುವುದಿಲ್ಲ" ಎಂದು ಉಪದೇಶ ಮಾಡುವವರೂ ಇದ್ದಾರೆ. ಇವೆರಡೂ ಪೂರ್ತಿ ನಿಜವಲ್ಲ. ಏಕೆಂದು ನೋಡೋಣ.

ಆಸೆಗೂ ಜೀನ್‌ಗೂ ಸಂಬಂಧ ಇದೆಯೇ?

ಇದೆ. ಎಫ್‌ಟಿಒ ಎಂಬ ಜೀನ್‌ನ ಒಂದು ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರ ತೂಕ, ಅದು ಇಲ್ಲದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ಎಂದು 2007ರಲ್ಲಿ ಬ್ರಿಟನ್‌ನ ಸಂಶೋಧಕರು ತೋರಿಸಿದರು. ಹಸಿವನ್ನು ಎಬ್ಬಿಸುವ ಹಾರ್ಮೋನ್ ಗ್ರೆಲಿನ್. ಊಟವಾದ ಮೇಲೆ ಅದು ಇಳಿಯಬೇಕು. ಈ ರೂಪ ಇರುವವರಲ್ಲಿ ಅದು ಸರಿಯಾಗಿ ಇಳಿಯುವುದಿಲ್ಲ ಎಂದು 2013ರಲ್ಲಿ ಲಂಡನ್‌ನ ಅಧ್ಯಯನವೊಂದು ಕಂಡುಕೊಂಡಿತು. ಹೊಟ್ಟೆ ತುಂಬಿದರೂ 'ಸಾಕು' ಎನಿಸದಿರಲು ಇದೂ ಒಂದು ಕಾರಣ.

ಇನ್ನೊಂದು ಜೀನ್ ಎಂಸಿ4ಆರ್. ಇದರಲ್ಲಿ ದೋಷ ಇರುವವರು ಅಪರೂಪ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಇಂಥವರ ಮುಂದೆ ಮೂರು ಬಗೆಯ ಚಿಕನ್ ಕುರ್ಮಾ ಇಟ್ಟರು. ನೋಡಲು ಮೂರೂ ಒಂದೇ, ಕೊಬ್ಬಿನ ಪ್ರಮಾಣ ಮಾತ್ರ ಬೇರೆ. ಈ ದೋಷ ಇದ್ದವರು ಹೆಚ್ಚು ಕೊಬ್ಬಿನ ಕುರ್ಮಾವನ್ನು ತೆಳ್ಳಗಿನವರು ತಿಂದದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ತಿಂದರು. ಆದರೆ ಅತಿ ಹೆಚ್ಚು ಸಕ್ಕರೆಯ ಸಿಹಿತಿಂಡಿ ಕೊಟ್ಟಾಗ ಅವರಿಗೆ ಅದು ಉಳಿದವರಷ್ಟು ಹಿಡಿಸಲಿಲ್ಲ! ಅಂದರೆ ಕೊಬ್ಬಿನ ಆಸೆ ಬೇರೆ, ಸಿಹಿಯ ಆಸೆ ಬೇರೆ. ಎಲ್ಲ ಚಪಲಕ್ಕೂ ಕಾರಣವಾದ ಒಂದೇ ಜೀನ್ ಎಂಬುದು ಇಲ್ಲ.

ಹಾಗಾದರೆ ಉಪವಾಸದಿಂದ ಉಪಯೋಗ ಇಲ್ಲವೇ?

ಮೇಲಿನ ಅಧ್ಯಯನಗಳು ಇಂಟರ್ಮಿಟೆಂಟ್ ಫಾಸ್ಟಿಂಗ್ ಮಾಡುವವರ ಮೇಲೆ ನಡೆದವಲ್ಲ. ಆದ್ದರಿಂದ 'ಈ ಜೀನ್ ಇದ್ದರೆ ಈ ಉಪವಾಸ ಬೇಡ' ಎಂಬ ತೀರ್ಮಾನಕ್ಕೆ ಅವು ಆಧಾರವಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. 8 ಪ್ರಯೋಗಗಳ 9,563 ಜನರ ಮಾಹಿತಿಯನ್ನು ಒಟ್ಟು ಸೇರಿಸಿ 2016ರಲ್ಲಿ ಪರಿಶೀಲಿಸಿದಾಗ, ಎಫ್‌ಟಿಒದ ಆ ರೂಪ ಇದ್ದವರೂ ಪಥ್ಯ, ವ್ಯಾಯಾಮ ಅಥವಾ ಔಷಧದಿಂದ ಉಳಿದವರಷ್ಟೇ ತೂಕ ಇಳಿಸಿದ್ದರು. ಜೀನ್ ದಾರಿಯನ್ನು ಸ್ವಲ್ಪ ಏರು ಮಾಡಬಹುದು, ಮುಚ್ಚುವುದಿಲ್ಲ.

ಮೊದಲ ಕೆಲವು ದಿನ ಕಾಡುವ ಹಸಿವಿಗೆ ಇನ್ನೂ ಸರಳ ಕಾರಣವಿದೆ. ನಾವು ದಿನವೂ ಉಣ್ಣುವ ಹೊತ್ತಿಗೆ ಸ್ವಲ್ಪ ಮೊದಲು ಗ್ರೆಲಿನ್ ಏರುತ್ತದೆ. ಬೆಳಿಗ್ಗೆ 8ಕ್ಕೆ ಇಡ್ಲಿ ತಿಂದು ಅಭ್ಯಾಸವಾಗಿದ್ದರೆ ಆ ಹೊತ್ತಿಗೆ ಹೊಟ್ಟೆ ಕರೆಯುವುದು ಸಹಜ. ನಿದ್ದೆಗೆಟ್ಟರೆ ಈ ಆಸೆ ಇನ್ನೂ ಹೆಚ್ಚುತ್ತದೆ.

ಡಿಎನ್‌ಎ ಪರೀಕ್ಷೆ ಬೇಕೇ?

ಪಥ್ಯ ಆರಿಸಲು ಸದ್ಯಕ್ಕೆ ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಕೊಬ್ಬು ಕಡಿಮೆ ಇರುವ ಪಥ್ಯ ಯಾರಿಗೆ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಪಥ್ಯ ಯಾರಿಗೆ ಎಂಬುದನ್ನು ಅಲ್ಲಿ ನೋಡಿದ ಜೀನ್‌ಗಳು ಹೇಳಲಿಲ್ಲ.

ನೆನಪಿಡಿ

16:8 ಮಾಡದಿದ್ದರೂ ನಷ್ಟವಿಲ್ಲ. ಚೀನಾದಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 8 ಗಂಟೆಯೊಳಗೆ ಉಂಡವರಿಗೂ ಹೊತ್ತಿನ ಕಟ್ಟುಪಾಡಿಲ್ಲದೆ ಅಷ್ಟೇ ಕ್ಯಾಲೊರಿ ಉಂಡವರಿಗೂ ತೂಕ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಶುರು ಮಾಡಬಾರದು. ಅವರಿಗೆ ನಡುಕ, ಬೆವರು, ತಲೆ ಸುತ್ತುವುದು ಬಂದರೆ ಅದನ್ನು ಚಪಲ ಎಂದುಕೊಂಡು ತಡೆದುಕೊಳ್ಳಬಾರದು. ಅದು ರಕ್ತದ ಸಕ್ಕರೆ ಕುಸಿದ ಸೂಚನೆ ಇರಬಹುದು, ತಕ್ಷಣ ಸಿಹಿ ತಿನ್ನಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳಿಗೂ ಇಂಥ ಉಪವಾಸ ತರವಲ್ಲ.

ಆಸೆ ಹುಟ್ಟುವುದು ನಿಮ್ಮ ಸೋಲಲ್ಲ, ಜೀನ್ ನಿಮ್ಮ ಹಣೆಬರಹವೂ ಅಲ್ಲ. ಮುಂದಿನ ಸಲ ಆ ಸಂದೇಶ ಬಂದಾಗ, ಫಾರ್ವರ್ಡ್ ಒತ್ತುವ ಮೊದಲು ನಿಮ್ಮ ಗುಂಪಿನಲ್ಲಿ ಡಯಾಬಿಟಿಸ್ ಇರುವವರು ಯಾರಿದ್ದಾರೆ ಎಂದು ಒಮ್ಮೆ ಯೋಚಿಸಿ.