ಸಂಶೋಧನೆಯ ಅಭ್ಯಾಸಕಾಲವೂ ನಮ್ಮ ಹೆಣ್ಣುಮಕ್ಕಳೂ

ಎಂ.ಎಸ್‌ಸಿ. ಪದವಿಯನ್ನು ಪಡೆದ ಮಗಳು ಇನ್ನೂ ಐದಾರು ವರ್ಷ ಸಂಶೋಧನೆಯಲ್ಲಿ ಕಳೆಯುವೆನೆಂದು ಹೇಳಿದರೆ ತಂದೆತಾಯಂದಿರು ಬೆಚ್ಚುವುದು ಸಹಜವೇ. “ಓದಿದ್ದು ಸಾಲದೇ? ಇನ್ನೆಷ್ಟು ಓದಬೇಕು?” ಎಂಬ ಪ್ರಶ್ನೆಯನ್ನು ನಮ್ಮ ಪೋಷಕರಿಂದ ನಾನು ಹಲವು ಬಾರಿ ಕೇಳಿದ್ದೇನೆ. ಆ ವರ್ಷಗಳು ಓದಿನವಲ್ಲ; ಕೈಯೂ ಕಣ್ಣೂ ಪಳಗುವ ವರ್ಷಗಳು. ಭ್ರೂಣದಲ್ಲಿ ಮಿದುಳೂ ನರಗಳೂ ಹೇಗೆ ರೂಪುಗೊಳ್ಳುತ್ತವೆಂಬುದನ್ನು ಅರಸುವ ಶಾಸ್ತ್ರವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಯಾಕಂದರೆ ಅದರಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಇಟಲಿಯ ಟ್ಯೂರಿನ್ ಪಟ್ಟಣದ ರೀಟಾ ಲೇವಿ-ಮೊಂಟಾಲ್ಚೀನಿಯವರ ತಂದೆಗೆ, ಹೆಣ್ಣುಮಕ್ಕಳು ವೃತ್ತಿವಿದ್ಯೆಯನ್ನು ಕಲಿತರೆ ಗೃಹಕೃತ್ಯಕ್ಕೆ ಕುಂದಾಗುವುದೆಂಬ ಭಯವಿತ್ತು. ಕೊನೆಗೆ ಅವರು ಒಪ್ಪಿದರು. ವೈದ್ಯವಿದ್ಯೆಗೆ ಸೇರಿದ ಈಕೆಗೆ ಜುಸೆಪ್ಪೆ ಲೇವಿ ಎಂಬ ಕಠಿಣ ಸ್ವಭಾವದ ಗುರುಗಳು ಒಪ್ಪಿಸಿದ ಮೊದಲ ಕೆಲಸವು ಇಲಿಮರಿಗಳ ನರಗಂಟುಗಳಲ್ಲಿರುವ ಕೋಶಗಳನ್ನು ಎಣಿಸುವುದು. ಅದು ಶಿಷ್ಯೆಗೆ ಬೇಸರವನ್ನೇ ತಂದಿತು. ಆದರೂ ಎಣಿಸಿದರು, ಬೆಳ್ಳಿಯ ಲವಣದಿಂದ ನರಗಳಿಗೆ ಬಣ್ಣವೂಡುವುದನ್ನೂ ಅಲ್ಲಿಯೇ ಕಲಿತರು. 1938ರಲ್ಲಿ ಮುಸೊಲಿನಿಯ ಸರಕಾರವು ಯೆಹೂದ್ಯರನ್ನು ವಿದ್ಯಾಸಂಸ್ಥೆಗಳಿಂದ ಹೊರದೂಡಿದಾಗ, ಆಕೆಗೆ ಉಳಿದದ್ದು ಹೀಗೆ ಕಲಿತ ಕೈಯೊಂದೇ. ಸ್ವಂತ ಮಲಗುವ ಕೋಣೆಯಲ್ಲಿ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು, ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರಗಳನ್ನಾಗಿ ಮಾಡಿಕೊಂಡು, ಕಾವಿಗಿಟ್ಟ ಕೋಳಿಮೊಟ್ಟೆಗಳೊಳಗಿನ ಭ್ರೂಣದ ಕಾಲುಮೊಳಕೆಯನ್ನು ಕತ್ತರಿಸಿ, ಅಲ್ಲಿಗೆ ಹೋಗಬೇಕಾದ ನರಕೋಶಗಳು ಏನಾಗುವವೆಂದು ದಿನದಿನವೂ ಎಣಿಸಿ ನೋಡಿದರು. ಕೋಶಗಳು ಹುಟ್ಟುತ್ತಿದ್ದವು, ಸೇರಬೇಕಾದ ಅಂಗವಿಲ್ಲದ್ದರಿಂದ ಬಳಿಕ ಸಾಯುತ್ತಿದ್ದವು. ಕೆಲಸ ಕಳೆದುಕೊಂಡಿದ್ದ ಗುರುವೇ ಆ ಕೋಣೆಗೆ ಬಂದು ಶಿಷ್ಯೆಗೆ ಸಹಾಯಕರಾಗಿ ನಿಂತರು. 1947ರಲ್ಲಿ ಆಕೆ ಅಮೇರಿಕದ ಸೈಂಟ್ ಲೂಯಿ ಪಟ್ಟಣಕ್ಕೆ, ವಿಕ್ಟರ್ ಹ್ಯಾಂಬರ್ಗರ್ ಅವರ ಬಳಿಗೆ ಹೋದರು. ನರಗಳನ್ನು ಬೆಳೆಯಿಸುವ ದ್ರವ್ಯವನ್ನು ಅಲ್ಲಿದ್ದಾಗ ಕಂಡುಕೊಂಡದ್ದಕ್ಕಾಗಿ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಅವರೊಂದಿಗೆ ನೋಬೆಲ್ ಪಾರಿತೋಷಕವನ್ನು ಪಡೆದರು. ಅದೇ ಲೇವಿಯವರ ಶಿಷ್ಯರಲ್ಲಿ ಇನ್ನಿಬ್ಬರಿಗೂ, ಅಂದರೆ ಲೂರಿಯಾ ಮತ್ತು ಡುಲ್ಬೆಕ್ಕೊ ಎಂಬವರಿಗೂ, ಈ ಪಾರಿತೋಷಕವು ದೊರೆತಿದೆ. ಇಂಥ ಗುರುವಿನ ಗದರಿಕೆಯನ್ನು ಸಹಿಸಿದ್ದು ನಷ್ಟವೆಂದು ಯಾರು ಹೇಳಿಯಾರು?

ಬೋಧನಕ್ರಮದ ಗ್ರಂಥವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ಉಪಾಧ್ಯಾಯಿನಿಯಾಗುವುದಿಲ್ಲ. ಹಿರಿಯರ ಕಣ್ಣೆದುರಿನಲ್ಲಿ ಪಾಠಮಾಡಿ ತಿದ್ದಿಸಿಕೊಳ್ಳಬೇಕಷ್ಟೆ. ಪ್ರಯೋಗಾಲಯದಲ್ಲಿಯೂ ಹಾಗೆಯೇ. ಆದರೆ ತಿದ್ದುವವರಿಗೂ ಒಂದು ಧರ್ಮವುಂಟು. ಜರ್ಮನಿಯ ಫ್ರೈಬುರ್ಗಿನಲ್ಲಿ ಹಾನ್ಸ್ ಸ್ಪೇಮಾನ್ ಎಂಬವರ ಶಿಷ್ಯೆಯಾಗಿದ್ದ ಹಿಲ್ಡೆ ಮಾಂಗೋಲ್ಡ್, ಕಪ್ಪೆಯ ಬಳಗಕ್ಕೆ ಸೇರಿದ ನ್ಯೂಟ್ ಎಂಬ ಪ್ರಾಣಿಯ ಒಂದು ಭ್ರೂಣದ ತುಣುಕನ್ನು ಬೇರೆ ಬಣ್ಣದ ಜಾತಿಯ ಭ್ರೂಣದಲ್ಲಿ ನಾಟಿದಾಗ, ಅಲ್ಲಿ ಎರಡನೆಯದೊಂದು ಬೆನ್ನುಹುರಿಯೇ ಮೂಡಿಬಂದಿತು. ಸಾಸಿವೆಯ ಕಾಳಿನಷ್ಟು ಸಣ್ಣ ಜೀವದ ಮೇಲೆ ನಡೆಸಿದ ಕುಸುರಿಯಿದು. 1924ರಲ್ಲಿ ಆ ಪ್ರಬಂಧವು ಗುರುವಿನ ಹೆಸರನ್ನು ಮುಂದಿಟ್ಟು ಪ್ರಕಟವಾಯಿತು. ಅದೇ ವರ್ಷ, 25ನೆಯ ವಯಸ್ಸಿನಲ್ಲಿ, ಮನೆಯ ಬೆಂಕಿಯ ಅಪಘಾತದಲ್ಲಿ ಆಕೆ ತೀರಿಹೋದರು. 1935ರ ನೋಬೆಲ್ ಸ್ಪೇಮಾನರಿಗೆ ಸಂದಿತು. ಗುರುವಿನ ಯೋಚನೆಯು ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಪ್ರಯೋಗವನ್ನು ನಡೆಸಿದ ಕೈಯ ಹೆಸರು ಮೊದಲು ಬರತಕ್ಕದ್ದಾಗಿತ್ತೆಂದೇ ನನ್ನ ಅಭಿಪ್ರಾಯ. ನಮ್ಮ ಮಕ್ಕಳು ಮಾರ್ಗದರ್ಶಕರನ್ನು ಆರಿಸುವಾಗ, ಅವರ ಹಿಂದಿನ ಶಿಷ್ಯರ ಹೆಸರುಗಳು ಪ್ರಬಂಧಗಳಲ್ಲಿ ಎಲ್ಲಿವೆಯೆಂದು ನೋಡಲಿ.

ಇದಕ್ಕಾಗಿ ದೂರದೇಶಕ್ಕೇ ಹೋಗಬೇಕೆಂದೇನೂ ಇಲ್ಲ. ಕೆನ್ಯಾದಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಓದಿದ ವೆರೋನಿಕಾ ರೋಡ್ರಿಗಸ್ ಅವರು, ಒಬೈದ್ ಸಿದ್ದಿಕಿಯವರ ಶಿಷ್ಯೆಯಾಗಲೆಂದು ಅಲ್ಲಿಂದ ಮುಂಬಯಿಗೆ ಬಂದರು. ಹಣ್ಣಿನ ನೊಣದ ಮರಿಯಲ್ಲಿ ವಾಸನೆಯನ್ನರಿಯುವ ನರಗಳ ಜಾಲವು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು ಅರಸುತ್ತ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ತಾವೇ ಗುರುವಾಗಿ, 2010ರಲ್ಲಿ ತೀರಿಹೋಗುವ ತನಕ ಅನೇಕ ಎಳೆಯರನ್ನು ಪಳಗಿಸಿದರು. ನೊಣವು ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಗೆ ಬರುವುದು ನಿಜ. ಅದನ್ನು ನೋಡಬಲ್ಲ ಕಣ್ಣು ಹತ್ತು ದಿನಗಳಲ್ಲಿ ಬಾರದು.

ಇನ್ನು ಮನೆಯವರ ಚಿಂತೆ. ಅದು ಹಣದ್ದಾದರೆ, ಕಿರಿಯ ಸಂಶೋಧಕರ ಸರಕಾರಿ ವೇತನವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಮದುವೆಯದಾದರೆ, ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಪಿಎಚ್.ಡಿ. ಮಾಡುವ ಸ್ತ್ರೀಯರಿಗೆ ಬಾಣಂತನಕ್ಕೂ ಶಿಶುಪಾಲನೆಗೂ 240 ದಿನಗಳವರೆಗೆ ರಜೆಯನ್ನೂ, ಅವಧಿಯಲ್ಲಿ ಎರಡು ವರ್ಷಗಳ ಸಡಿಲಿಕೆಯನ್ನೂ ಕೊಟ್ಟಿದೆ. ಇದನ್ನರಿಯದ ಮನೆಗಳು ಬಹಳ. ಸಂಬಂಧವನ್ನು ನೋಡಲು ಬೀಗರಾಗುವವರು ಮನೆಗೆ ಬಂದಾಗ, ಮಿಕ್ಕ ಮಾತುಗಳೊಡನೆ ಈ ಮಾತನ್ನೂ ಮುಂಚಿತವಾಗಿಯೇ ಆಡಿರೆಂದು ತಂದೆತಾಯಂದಿರನ್ನು ಕೇಳಿಕೊಳ್ಳುತ್ತೇನೆ.